ಓದುಗರ ಪ್ರಶ್ನೆ: ಮೋಟಾರು ದೋಣಿಗೆ ಯಾವ ವಿಮೆ?

ಪ್ರಶ್ನೆ: ನಮ್ಮದು ಆನೆಗೊಂದಿ ಸಮೀಪದ ಹಳ್ಳಿ. ಹರಿಗೋಲು ಹಾಕುವುದು ಮನೆತನದ ಕಸುಬು. ಈಗ ಬ್ಯಾಂಕಿನಲ್ಲಿ ಸಾಲ ಮಾಡಿ ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂಬದಿಗೆ ಹೊರಗಿನಿಂದ ಜೋಡಿಸುವ, ಬಿಚ್ಚಬಹುದಾದ ಎಂಜಿನ್) ಇರುವ ಹಳೆಯ ಫೈಬರ್ ದೋಣಿಯೊಂದನ್ನು ಕೊಂಡಿದ್ದೇನೆ. ಮುಂದೆ ಪ್ರವಾಸಿಗರಿಗಾಗಿ ಜೆಟ್ ಸ್ಕೀ (ನೀರಿನ ಮೇಲೆ ಓಡುವ ಬೈಕಿನಂಥ ವಾಹನ) ತರುವ ಯೋಚನೆಯೂ ಇದೆ. ದೋಣಿ ಸಾಗಿಸುವ ಪಿಕಪ್ ವಾಹನಕ್ಕಿರುವ ವಿಮೆ ದೋಣಿಗೂ ಅನ್ವಯಿಸುತ್ತದೆಯೇ? ಇಲ್ಲವಾದರೆ ಯಾವ ಪಾಲಿಸಿ ಮಾಡಿಸಬೇಕು?
– ಓದುಗರೊಬ್ಬರು, ಗಂಗಾವತಿ ತಾಲ್ಲೂಕು

ಉತ್ತರ: ಅನ್ವಯಿಸುವುದಿಲ್ಲ. ಪಿಕಪ್‌ನ ಪಾಲಿಸಿ ರಸ್ತೆಯ ಮೇಲಿನ ವಾಹನಕ್ಕೆ ಸಂಬಂಧಿಸಿದ್ದು. ಹೊಳೆ, ಕೆರೆಗಳಲ್ಲಿ ಎಂಜಿನ್ ಬಲದಿಂದ ಓಡುವ ದೋಣಿಗಳಿಗೆ 2021ರ ಒಳನಾಡು ಹಡಗುಗಳ ಕಾಯ್ದೆ ಇದೆ. ಅದರಂತೆ ದೋಣಿಯ ತಪಾಸಣೆ, ನೋಂದಣಿ ಮತ್ತು ವಿಮೆ ಮೂರೂ ಆಗಬೇಕು. ಎಂಜಿನ್ ಇಲ್ಲದ ಹರಿಗೋಲುಗಳ ವಿಷಯವನ್ನು ಅದೇ ಕಾಯ್ದೆ ಸ್ಥಳೀಯ ಸಂಸ್ಥೆಗಳ ದಾಖಲಾತಿಗೆ ಬಿಟ್ಟಿದೆ. ಹೀಗಾಗಿ ಹುಟ್ಟು ಹಾಕುತ್ತಿದ್ದ ಕಾಲದ ರೂಢಿಯಂತೆಯೇ ಮೋಟಾರು ದೋಣಿಯನ್ನೂ ನಡೆಸಬಹುದೆಂದು ದಯವಿಟ್ಟು ಭಾವಿಸಬೇಡಿ.

ಸಾಲ ಕೊಟ್ಟ ಬ್ಯಾಂಕು ದೋಣಿ ಮತ್ತು ಎಂಜಿನ್‌ಗೆ ವಿಮೆ ಕೇಳುವುದು ಸಹಜ. ಪಾಲಿಸಿಯಲ್ಲಿ ಬ್ಯಾಂಕಿನ ಹೆಸರನ್ನೂ ಸೇರಿಸಿದ್ದರೆ ದೋಣಿ ಮುಳುಗಿದಾಗ ಬರುವ ಹಣ ಮೊದಲು ಸಾಲದ ಬಾಕಿಗೇ ಜಮೆಯಾಗುತ್ತದೆ ಎಂಬುದು ನಿಮಗೆ ತಿಳಿದಿರಲಿ. ಆದರೆ ನನ್ನ ಅಭಿಪ್ರಾಯದಲ್ಲಿ ನೀವು ಮೊದಲು ನೋಡಬೇಕಾದದ್ದು ದೋಣಿಯಲ್ಲಿ ಕೂರುವವರ ವಿಮೆಯನ್ನು. ದೋಣಿ ಹೋದರೆ ಅದರ ಬೆಲೆಯಷ್ಟೇ ನಷ್ಟ. ಪ್ರಯಾಣಿಕರೊಬ್ಬರ ಜೀವಕ್ಕೆ ಅಪಾಯವಾಗಿ ನ್ಯಾಯಾಲಯ ಪರಿಹಾರ ವಿಧಿಸಿದರೆ ಹೊಲ, ಮನೆ ಮಾರಿದರೂ ಅದು ತೀರಲಿಕ್ಕಿಲ್ಲ. ಆದ್ದರಿಂದ ಥರ್ಡ್ ಪಾರ್ಟಿ ಹೊಣೆ (ದೋಣಿಯಿಂದ ಹೊರಗಿನವರಿಗಾಗುವ ಹಾನಿಯ ಹೊಣೆ), ಹಣ ಕೊಟ್ಟು ಕೂರುವ ಪ್ರಯಾಣಿಕರ ಹೊಣೆ ಮತ್ತು ದೋಣಿ ನಡೆಸುವ ಹುಡುಗರ ಅಪಘಾತ ವಿಮೆ, ಈ ಮೂರೂ ಪಾಲಿಸಿಯಲ್ಲಿ ಬಿಡಿಬಿಡಿಯಾಗಿ ನಮೂದಾಗಿವೆಯೇ ಎಂದು ಓದಿಸಿ ಕೇಳಿ.

ಅರ್ಜಿಯಲ್ಲಿ ‘ಬಾಡಿಗೆಗೆ, ಪ್ರವಾಸಿಗರನ್ನು ಕರೆದೊಯ್ಯಲು’ ಎಂದೇ ಬರೆಸಿ. ನನ್ನ ಪರಿಚಿತರೊಬ್ಬರು ಪ್ರೀಮಿಯಂ ಕಡಿಮೆಯಾಗಲೆಂದು ಏಜೆಂಟರ ಮಾತು ಕೇಳಿ ‘ಸ್ವಂತ ಬಳಕೆ’ ಎಂದು ಬರೆಸಿದ್ದರು. ದೋಣಿ ಬಂಡೆಗೆ ಬಡಿದು ಒಡೆದ ದಿನ ಅದರಲ್ಲಿ ಟಿಕೆಟ್ ಪಡೆದವರು ಕೂತಿದ್ದರೆಂಬ ಕಾರಣಕ್ಕೆ ಅವರ ಕ್ಲೇಮು ಪೂರ್ತಿಯಾಗಿ ತಿರಸ್ಕೃತವಾಯಿತು. ಆ ಮನೆಯವರು ಪಟ್ಟ ಪಾಡನ್ನು ಹತ್ತಿರದಿಂದ ಕಂಡವನಾದ್ದರಿಂದ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಳೆಯ ದೋಣಿಯೆಂದು ಬರೆದಿದ್ದೀರಿ. ಅದರ ಹಿಂಭಾಗದಲ್ಲಿ, ತಳಕ್ಕೆ ಹತ್ತಿಕೊಂಡು, ನೀರು ಬಸಿಯಲು ಒಂದು ಸಣ್ಣ ತೂತು ಮತ್ತು ಅದಕ್ಕೊಂದು ಬಿರಡೆ ಇರುತ್ತದೆ. ಅದರ ರಬ್ಬರು ಒಣಗಿ ಬಿರುಕು ಬಿಟ್ಟರೆ, ದಡದಲ್ಲಿ ಕಟ್ಟಿದ ದೋಣಿ ಬೆಳಗಾಗುವಷ್ಟರಲ್ಲಿ ನೀರು ತುಂಬಿ ಕುಳಿತಿರುತ್ತದೆ. ಇಂಥದ್ದನ್ನು ಕಂಪನಿಗಳು ಸವೆತವೆಂದು ಪರಿಗಣಿಸುತ್ತವೆಯೇ ಹೊರತು ಅಪಘಾತವೆಂದು ಒಪ್ಪುವುದಿಲ್ಲ. ಔಟ್‌ಬೋರ್ಡ್ ಎಂಜಿನ್ ಕಳವಾದರೂ ಅದನ್ನು ದೋಣಿಗೆ ಬೀಗ ಹಾಕಿ ಭದ್ರಪಡಿಸಿದ್ದರೆ ಮಾತ್ರ ಹಣ ಎಂಬ ಷರತ್ತು ಸಾಮಾನ್ಯ. ಎಂಜಿನ್ ಮೇಲಿನ ಸಂಖ್ಯೆಯ ಫೋಟೊ ಇಂದೇ ತೆಗೆದಿಡಿ.

ನೆರೆಯ ವಿಷಯವನ್ನೂ ವಿಚಾರಿಸಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ (ನೀರು ಹೊರಬಿಡುವ ಗೇಟ್) ಕೊಚ್ಚಿಹೋದದ್ದನ್ನು ಹೊಳೆ ದಂಡೆಯ ನೀವು ಮರೆತಿರಲಾರಿರಿ. ನೆರೆಯಿಂದಾದ ಹಾನಿ ಪಾಲಿಸಿಯಲ್ಲಿ ಸೇರಿರಬೇಕು. ಸೇರಿದ್ದರೂ, ನೀರು ಬಿಡುವ ಎಚ್ಚರಿಕೆ ಬಂದ ಮೇಲೆ ದೋಣಿಯನ್ನು ದಂಡೆಗೆ ಎಳೆಯದೆ ಬಿಟ್ಟಿದ್ದರೆ, ನಷ್ಟವನ್ನು ಅಂದಾಜು ಮಾಡಲು ಬರುವ ವಿಮಾ ಸರ್ವೇಯರ್ ಅದನ್ನು ಪ್ರಶ್ನಿಸಿಯೇ ಪ್ರಶ್ನಿಸುತ್ತಾರೆ.

ಜೆಟ್ ಸ್ಕೀಗೆ ಬೇರೆ ಪಾಲಿಸಿಯೇ ಬೇಕು. ವಿಹಾರ ದೋಣಿಗಳ ವಿಮೆಯಲ್ಲಿ ಹೆಚ್ಚಾಗಿ ಬಳಸುವ ಲಂಡನ್ನಿನ ಇನ್‌ಸ್ಟಿಟ್ಯೂಟ್ ಷರತ್ತುಗಳು (ಅಲ್ಲಿನ ವಿಮಾ ಕಂಪನಿಗಳು ರೂಪಿಸಿದ ಮಾದರಿ ಷರತ್ತುಗಳು) 17 ನಾಟ್, ಎಂದರೆ ಗಂಟೆಗೆ ಸುಮಾರು 31 ಕಿಲೋಮೀಟರ್ ಮೀರಿ ಓಡಬಲ್ಲವುಗಳನ್ನು ವೇಗದ ದೋಣಿಗಳೆಂದು ಬೇರೆಯಾಗಿ ಪರಿಗಣಿಸುತ್ತವೆ. ಆ ಷರತ್ತುಗಳಂತೆ, ಅಂಥ ದೋಣಿ ಓಡುವಾಗ ಮಾಲೀಕರು ಅಥವಾ ನುರಿತವರು ಅದರ ಮೇಲೆಯೇ ಇದ್ದು ಹಿಡಿತದಲ್ಲಿಟ್ಟುಕೊಂಡಿರಬೇಕು. ಪ್ರವಾಸಿಗರ ಕೈಗೇ ಓಡಿಸಲು ಕೊಡುವ ಆಲೋಚನೆಯಿದ್ದರೆ ಅದನ್ನು ಕಂಪನಿಗೆ ಮೊದಲೇ ಲಿಖಿತವಾಗಿ ತಿಳಿಸಿ, ಒಪ್ಪಿಗೆಯನ್ನೂ ಲಿಖಿತವಾಗಿ ಪಡೆಯಿರಿ. ನೀರಿಗಿಳಿಯಲು ಅಧಿಕಾರಿಗಳ ಅನುಮತಿಯೇ ಇಲ್ಲದಿದ್ದರೆ ಯಾವ ಪಾಲಿಸಿಯೂ ನಿಮ್ಮನ್ನು ಕಾಯಲಾರದು.

ಪ್ರಶ್ನೆ: ಕೃಷ್ಣಾ ನದಿಯಲ್ಲಿ ತೆಪ್ಪದ ಮೇಲೆ ಮೀನು ಹಿಡಿಯುವ ನಮ್ಮಂಥವರಿಗೆ ಕಡಿಮೆ ಖರ್ಚಿನ ವಿಮೆ ಇದೆಯೇ?
– ಮೀನುಗಾರರೊಬ್ಬರು, ರಾಯಚೂರು ತಾಲ್ಲೂಕು

ಉತ್ತರ: ಇದೆ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಮೀನುಗಾರರಿಗೆ ಸಾಮೂಹಿಕ ಅಪಘಾತ ವಿಮೆ ಇದ್ದು, ಪ್ರೀಮಿಯಂ ಅನ್ನು ಸರ್ಕಾರಗಳೇ ಭರಿಸುತ್ತವೆ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಪೂರ್ಣ ಅಂಗವಿಕಲತೆಯಾದರೆ 5 ಲಕ್ಷ ರೂಪಾಯಿ, ಶಾಶ್ವತ ಭಾಗಶಃ ಅಂಗವಿಕಲತೆಗೆ 2.5 ಲಕ್ಷ, ಆಸ್ಪತ್ರೆ ವೆಚ್ಚಕ್ಕೆ 25 ಸಾವಿರದವರೆಗೆ ದೊರೆಯುತ್ತದೆ. ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಹೆಸರು ನೋಂದಾಯಿಸಿ. ಇದರ ಜೊತೆಗೆ, 18ರಿಂದ 70 ವರ್ಷದವರು ವರ್ಷಕ್ಕೆ 20 ರೂಪಾಯಿ ಕಟ್ಟಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 2 ಲಕ್ಷದ ಅಪಘಾತ ವಿಮೆ ಪಡೆಯಬಹುದು. ಅದರ ವರ್ಷ ಜೂನ್ 1ಕ್ಕೆ ಆರಂಭವಾಗುವುದರಿಂದ ಮೇ ತಿಂಗಳ ಕೊನೆಯಲ್ಲಿ ಖಾತೆಯಲ್ಲಿ ಆ 20 ರೂಪಾಯಿ ಇರುವಂತೆ ನೋಡಿಕೊಳ್ಳಿ.