ಎರಡು ಇಂಜಿನ್‌ನ ಬೋಟನ್ನು ಮಂಗಳೂರು ದಕ್ಕೆಯಂಥ (ಮೀನುಗಾರಿಕೆ ಬಂದರಿನಂಥ) ಇಕ್ಕಟ್ಟಿನಲ್ಲಿ ತಿರುಗಿಸುವುದು ಹೇಗೆ?

ಸ್ಟಿಯರಿಂಗ್ ನೇರ ಮಾಡಿ, ಕೈ ತೆಗೆಯಿರಿ. ಇಂಥ ಜಾಗದಲ್ಲಿ ಕೆಲಸ ಮಾಡುವುದು ಎರಡು ಗೇರ್ ಲಿವರ್‌ಗಳು. ಎಡ ಇಂಜಿನ್ ಮುಂದಕ್ಕೆ, ಬಲದ್ದು ರಿವರ್ಸ್ ಹಾಕಿದರೆ ಮೂತಿ ಬಲಕ್ಕೆ ಹೊರಳುತ್ತದೆ. ಬೋಟ್ ಹೆಚ್ಚುಕಡಿಮೆ ನಿಂತಲ್ಲೇ ತಿರುಗುತ್ತದೆ. ರಿವರ್ಸ್‌ನಲ್ಲಿ ಫ್ಯಾನಿಗೆ (ಪ್ರೊಪೆಲ್ಲರ್‌ಗೆ) ಬಲ ಕಡಿಮೆ, ಹಾಗಾಗಿ ಬೋಟ್ ಮೆಲ್ಲಗೆ ಮುಂದೆ ಜಾರುತ್ತದೆ. ಆಗ ಮುಂದಕ್ಕೆ ಹಾಕಿದ ಇಂಜಿನನ್ನು ಒಂದು ಕ್ಷಣ ನ್ಯೂಟ್ರಲ್‌ಗೆ ತನ್ನಿ. ಆಕ್ಸಿಲರೇಟರ್ ಮುಟ್ಟಲೇಬೇಡಿ, ಐಡಲ್ ಸಾಕು. ಮುಂದಿನಿಂದ ರಿವರ್ಸ್‌ಗೆ ಸುಮ್ನೆ ಎಳೆದುಬಿಟ್ಟರೆ ಗೇರ್‌ಬಾಕ್ಸ್‌ಗೆ ಪೆಟ್ಟು. ನಡುವೆ ನ್ಯೂಟ್ರಲ್‌ನಲ್ಲಿ ಒಂದೆರಡು ಸೆಕೆಂಡ್ ನಿಲ್ಲಿಸಿ.

ನಮ್ಮಲ್ಲಿ ಇದಕ್ಕಿಂತ ಜಾಸ್ತಿ ಕಾಡುವುದು ನೀರಿನ ಸೆಳೆತ. ದಕ್ಕೆ ಇರುವುದು ಗುರುಪುರ ನದಿಯಲ್ಲಿ ಅಲ್ವಾ, ಇಳಿತದ ಹೊತ್ತಿಗೆ ನೀರು ಅಳಿವೆ (ನದಿ ಸಮುದ್ರ ಸೇರುವ ಜಾಗ) ಕಡೆಗೆ ಎಳೆಯುತ್ತದೆ. ಸೆಳೆತ ಎತ್ತ ಇದೆ ಅಂತ ತಿಳಿಯಲು, ಕಟ್ಟಿದ ಬೋಟುಗಳ ಹಗ್ಗ ಯಾವ ಕಡೆ ಬಿಗಿದಿದೆ ನೋಡಿ. ಸೆಳೆತಕ್ಕೆ ಎದುರಾಗಿಯೇ ಬನ್ನಿ.