ಸಂಪಾದಕರ ಉತ್ತರ: ಮಗಳು ಮಿಲಿಟರಿ ಡಾಕ್ಟರ್ ಆಗ್ತೀನಿ ಅಂತಾಳೆ

ಅಕ್ಕಾವ್ರೇ, ನಮಸ್ಕಾರ.

ಹಾವೇರಿಯಿಂದ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ಮಗಳು ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಮುಗಿಸುತ್ತಿದ್ದಾಳೆ, ಮಿಲಿಟರಿ ಸೇರ್ತೀನಿ ಅಂತಾಳೆ. ಜೊತೆಗೆ ಓದುವ ಹುಡುಗನನ್ನು ಇಷ್ಟಪಟ್ಟಿದ್ದಾಳೆ. ‘ನಾಳೆ ಯುದ್ಧ ಶುರುವಾದರೆ ಸಂಸಾರದ ಗತಿ ಏನು? ಎರಡರಲ್ಲಿ ಒಂದು ಬಿಡು ಅಂತ ನೀವಾದರೂ ಬುದ್ಧಿ ಹೇಳಿ’ ಅಂತ ಕೇಳಿದ್ದೀರಿ. ಆ ಮಾತು ನನ್ನಿಂದ ಆಗುವುದಿಲ್ಲ.

ನಿಮ್ಮ ಹೆದರಿಕೆ ಸುಳ್ಳಲ್ಲ. ಗದಗಿನಿಂದ ವಿಜಯಪುರದ ಮೇಲೆ ಹೋಗುವ ರೈಲು ಸೊಲ್ಲಾಪುರ ಮುಟ್ಟುತ್ತದಲ್ಲ, ಆ ಊರಿನ ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್ 1938ರಲ್ಲಿ ಯುದ್ಧದ ಗಾಯಾಳುಗಳ ಸೇವೆಗೆ ಚೀನಾಕ್ಕೆ ಹೋದರು. ಅಲ್ಲಿ ನರ್ಸ್ ಆಗಿದ್ದ ಗುವೊ ಚಿಂಗ್‌ಲಾನ್ ಅವರನ್ನು 1941ರಲ್ಲಿ ಮದುವೆಯಾದರು. ಮರುವರ್ಷ ಆಗಸ್ಟ್‌ನಲ್ಲಿ ಗಂಡುಮಗು ಹುಟ್ಟಿತು. ಡಿಸೆಂಬರ್‌ನಲ್ಲಿ ಕೋಟ್ನಿಸ್ ತೀರಿಕೊಂಡರು. ಕೂಸಿಗೆ ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ.

ಆದರೆ ಕ್ಯಾಪ್ಟನ್ ಲಕ್ಷ್ಮಿ ಅವರನ್ನೂ ನೆನೆಸಿಕೊಳ್ಳಿ. 1938ರಲ್ಲಿ ಮದ್ರಾಸಿನಲ್ಲಿ ಎಂಬಿಬಿಎಸ್ ಮುಗಿಸಿದರು. ಮೊದಲ ಮದುವೆ ಮುರಿದುಬಿತ್ತು. 1940ರಲ್ಲಿ ಸಿಂಗಾಪುರಕ್ಕೆ ಹೋಗಿ ಬಡ ಕೂಲಿಕಾರರಿಗಾಗಿ ದವಾಖಾನೆ ತೆರೆದರು. 1943ರಲ್ಲಿ ಸುಭಾಷ್‌ಚಂದ್ರ ಬೋಸರ ಫೌಜಿನ ಹೆಣ್ಣುಮಕ್ಕಳ ದಳವಾದ ಝಾನ್ಸಿ ರಾಣಿ ರೆಜಿಮೆಂಟಿನ ಹೊಣೆ ಹೊತ್ತರು. ಅದೇ ಫೌಜಿನ ಪ್ರೇಮ್ ಸೆಹಗಲ್ ಅವರ ಮೇಲೆ ಕೆಂಪುಕೋಟೆಯಲ್ಲಿ ವಿಚಾರಣೆ ನಡೆಯಿತು. ಅವರನ್ನೇ ಲಕ್ಷ್ಮಿ 1947ರ ಮಾರ್ಚ್‌ನಲ್ಲಿ ಮದುವೆಯಾದರು. ಕಾನ್ಪುರಕ್ಕೆ ಬಂದವರು ಸುಮ್ನೆ ಕೂಡಲಿಲ್ಲ. ದೇಶ ಒಡೆದು ಗಂಟುಮೂಟೆ ಹೊತ್ತು ಬಂದ ನಿರಾಶ್ರಿತರ ನಾಡಿ ಹಿಡಿದರು. 2006ರಲ್ಲೂ, 90 ದಾಟಿದ ಮೇಲೂ, ರೋಗಿಗಳನ್ನು ನೋಡುತ್ತಿದ್ದರು.

ಅಷ್ಟು ದೂರ ಯಾಕೆ? ಲೆಫ್ಟಿನೆಂಟ್ ಜನರಲ್ ಮಾಧುರಿ ಕಾನಿಟ್ಕರ್ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಮಿಲಿಟರಿಯಲ್ಲಿ ಮಕ್ಕಳ ಡಾಕ್ಟರ್ ಆಗಿದ್ದವರು. ಗಂಡನೂ ಲೆಫ್ಟಿನೆಂಟ್ ಜನರಲ್!

ಎರಡರಲ್ಲಿ ಒಂದು ಬಿಡು ಅಂತ ಒತ್ತಾಯ ಮಾಡಿದ್ದು ಎಷ್ಟೋ ಸಲ ಯುದ್ಧವಲ್ಲ, ಮನುಷ್ಯರು ಬರೆದ ನಿಯಮ. ಮದುವೆಯಾದಳು ಅನ್ನೋ ಕಾರಣಕ್ಕೆ 1988ರಲ್ಲಿ ಒಬ್ಬ ಮಿಲಿಟರಿ ನರ್ಸ್‌ನ ಕೆಲಸ ಹೋಯಿತು. ಅದು ತಪ್ಪು ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿ, 60 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. 36 ವರ್ಷ, ಅಕ್ಕಾ! ಓದಿದಾಗ ನನಗೆ ಹೊಟ್ಟೆ ಉರಿದಿತ್ತು. ಆ ನಿಯಮವನ್ನು ನಾವು ಮನೆಯೊಳಗೆ ಮತ್ತೆ ತರುವುದು ಬೇಡ.

ನಮ್ಮ ಚಿಕ್ಕಮ್ಮ 1971ರ ಯುದ್ಧದ ಹೊತ್ತಿಗೆ ಮಿಲಿಟರಿ ಆಸ್ಪತ್ರೆಯಲ್ಲಿ ನರ್ಸ್. ಮದುವೆ ನಿಶ್ಚಯವಾಗಿತ್ತು. ಕಾಕಾ ಗದಗಿನಲ್ಲಿ ಮಾಸ್ತರು. ಅವರು ತೀರಿಕೊಂಡ ಮೇಲೆ ಟ್ರಂಕ್ ತೆಗೆದರೆ, ಧೋತರದ ಮಡಿಕೆಯಲ್ಲಿ ಚಿಕ್ಕಮ್ಮ ಬರೆದ ಒಂದು ಇನ್‌ಲ್ಯಾಂಡ್ ಲೆಟರ್ ಇತ್ತು. ಅಷ್ಟಗಲ ಕಾಗದದಲ್ಲಿ ಒಂದೇ ಸಾಲು: ‘ಕೈ ತೊಳಕೊಳ್ಳಾಕೂ ಹೊತ್ತಿಲ್ಲ, ಆಮ್ಯಾಲೆ ಬರೀತೀನಿ.’ ಮಡಿಕೆ ಹರಿದ ಕಡೆ ಹಿಂದಿನಿಂದ ತೆಳು ಕಾಗದ ಅಂಟಿಸಿದ್ದರು. ‘ಯಾಕೆ ಬರೀಲಿಲ್ಲ’ ಅಂತ ಕಾಕಾ ಒಂದು ದಿನವೂ ಜಗಳ ತೆಗೆಯಲಿಲ್ಲವಂತೆ.

ಅದಕ್ಕೇ ಹೇಳ್ತೀನಿ, ಮಗಳ ಕೆಲಸದ ಬಗ್ಗೆ ಜಾಸ್ತಿ ಚಿಂತೆ ಮಾಡಬೇಡಿ. ಹುಡುಗನನ್ನು ಸರಿಯಾಗಿ ನೋಡಿ. ಒಂದು ಭಾನುವಾರ ಊಟಕ್ಕೆ ಕರೀರಿ. ರೊಟ್ಟಿ ಬಡಿಸುತ್ತಾ ಕೇಳಿ: ‘ಇಕಿನ್ನ ಲೇಹ್‌ಗೆ ಹಾಕಿದರ, ನೀ ಏನ್ ಮಾಡ್ತೀಯಪಾ?’

ಅವನು ಏನಂದ ಅಂತ ನನಗೂ ಒಂದು ಪತ್ರ ಹಾಕಿ.