ನದಿಯ ಶಾರ್ಕ್ ಮತ್ತು ಬಲೆ ಎಳೆದವರ ಮಾತು

ಮಾನ್ಯ ಓದುಗರೇ,

ಸಿಹಿನೀರಿನ ಶಾರ್ಕ್‌ಗಳ ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ನೀವು ಬರೆದ ಪತ್ರ ತಲುಪಿದೆ. ಶಾರ್ಕ್ ಸಮುದ್ರದ ಪ್ರಾಣಿ, ದಾರಿ ತಪ್ಪಿ ಬಂದ ಒಂದೆರಡನ್ನು ಕಂಡು ‘ನದಿಯಲ್ಲಿ ವಾಸಿಸುತ್ತದೆ’ ಎಂದು ಬರೆಯುವುದು ಸರಿಯೇ ಎಂದು ಕೇಳಿದ್ದೀರಿ. ಮೀನುಗಾರರ ಬಾಯಿಮಾತನ್ನು ವಿಜ್ಞಾನದ ದಾಖಲೆಯೊಂದಿಗೆ ಒಂದೇ ಸಾಲಿನಲ್ಲಿ ಕೂರಿಸಿದ್ದಕ್ಕೆ ಆಕ್ಷೇಪಿಸಿದ್ದೀರಿ. ಆ ಮೀನುಗಾರರ ಹೆಸರು, ಊರು ಲೇಖನದಲ್ಲಿ ಏಕಿಲ್ಲ ಎಂದೂ ವಿಚಾರಿಸಿದ್ದೀರಿ.

ಮೊದಲನೆಯದಕ್ಕೆ ಉತ್ತರ ಶಾರ್ಕ್‌ನ ರಕ್ತದಲ್ಲಿದೆ. ಸಮುದ್ರದ ಶಾರ್ಕ್‌ಗಳು ಉಪ್ಪುನೀರಿನಲ್ಲಿ ಒಣಗಿಹೋಗದಿರಲು ರಕ್ತದಲ್ಲಿ ಯೂರಿಯಾವನ್ನು ಹೇರಳವಾಗಿ ಉಳಿಸಿಕೊಳ್ಳುತ್ತವೆ. ಅದೇ ದೇಹ ಸಿಹಿನೀರಿಗೆ ಇಳಿದರೆ ನೀರು ಒಳನುಗ್ಗುತ್ತದೆ, ಲವಣ ಸೋರಿಹೋಗುತ್ತದೆ. ಹೆಚ್ಚಿನ ಜಾತಿಗಳು ಇದನ್ನು ತಾಳಲಾರವು. ಬುಲ್ ಶಾರ್ಕ್ ಮಾತ್ರ ನದಿಯೊಳಗೆ ಬಂದಂತೆ ರಕ್ತದ ಯೂರಿಯಾವನ್ನು ತಗ್ಗಿಸಿಕೊಂಡು, ಹೆಚ್ಚಾದ ನೀರನ್ನು ತೆಳುವಾದ ಮೂತ್ರವಾಗಿ ಹೊರಹಾಕುತ್ತಾ, ಕಿವಿರುಗಳ ಮೂಲಕ ನೀರಿನಿಂದಲೇ ಲವಣವನ್ನು ಹೀರಿಕೊಳ್ಳುತ್ತದೆ. ಅದರ ಮರಿಗಳು ಅಳಿವೆಗಳಲ್ಲಿ ಹುಟ್ಟಿ, ದೊಡ್ಡ ಶಾರ್ಕ್‌ಗಳ ಬಾಯಿಂದ ದೂರವಾಗಿ ನದಿಯೊಳಗೆ ವರ್ಷಗಟ್ಟಲೆ ಬೆಳೆಯುತ್ತವೆ. ಅಮೆಜಾನ್ ನದಿಯಲ್ಲಿ ಸಮುದ್ರದಿಂದ ಮೂರೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ಒಳಗಿರುವ ಪೆರು ದೇಶದ ಇಕೀಟೊಸ್ ಬಳಿಯೂ ಬುಲ್ ಶಾರ್ಕ್ ಸಿಕ್ಕಿದೆ. ಇದಲ್ಲದೆ ‘ಗ್ಲೈಫಿಸ್’ ಎಂಬ ಬೇರೆಯೇ ಕುಲವಿದೆ. ನದಿ ಶಾರ್ಕ್‌ಗಳೆಂಬ ಹೆಸರು ನಿಜವಾಗಿ ಸಲ್ಲುವುದು ಅವಕ್ಕೆ. ಆದರೂ ನಿಮ್ಮ ಮಾತಿನಲ್ಲಿ ಒಂದು ತಿದ್ದುಪಡಿ ಅಡಗಿದೆ, ಅದನ್ನು ಒಪ್ಪುತ್ತೇನೆ: ಗ್ಲೈಫಿಸ್ ಕುಲದ ಬೆಳೆದ ಶಾರ್ಕ್‌ಗಳು ಕರಾವಳಿಯ ಸಮುದ್ರದಲ್ಲೂ ಸಿಗುವುದರಿಂದ, ಅವುಗಳ ಇಡೀ ಬಾಳು ನದಿಯಲ್ಲೇ ಕಳೆಯುತ್ತದೆ ಎಂಬ ಅರ್ಥ ಬರುವಂತೆ ನಾವು ಬರೆಯಬಾರದಿತ್ತು.

ನಿಮ್ಮ ಎರಡನೆಯ ಆಕ್ಷೇಪದ ಬಗ್ಗೆ ಹೆಚ್ಚು ಹೇಳಬೇಕಾಗಿದೆ. ಮಧ್ಯ ಅಮೆರಿಕದ ನಿಕರಾಗುವ ಸರೋವರದ ಶಾರ್ಕ್‌ಗೆ 1877ರಲ್ಲಿ ಪ್ರತ್ಯೇಕ ಜಾತಿಯೆಂದು ಹೆಸರಿಟ್ಟವರು ವಿಜ್ಞಾನಿಗಳೇ. ಅದು ಸರೋವರದಲ್ಲೇ ಸೆರೆಯಾಗಿ ಉಳಿದ ಪ್ರಾಣಿ ಎಂಬ ನಂಬಿಕೆ ಬಹುಕಾಲ ನಡೆಯಿತು. ಥಾಮಸ್ ಥಾರ್ಸನ್ ಎಂಬ ಅಮೆರಿಕದ ಪ್ರಾಣಿವಿಜ್ಞಾನಿ 1960ರ ದಶಕದಲ್ಲಿ ಶಾರ್ಕ್‌ಗಳಿಗೆ ಗುರುತುಬಿಲ್ಲೆ ಕಟ್ಟಿ ಬಿಟ್ಟರು. ಸರೋವರದಿಂದ ಹರಿಯುವ ಸಾನ್ ಹ್ವಾನ್ ನದಿ ಕೆರಿಬಿಯನ್ ಸಮುದ್ರವನ್ನು ಸೇರುವಲ್ಲಿ ಬಿಟ್ಟ ಶಾರ್ಕ್‌ಗಳು ಮುಂದೆ ಸರೋವರದಲ್ಲಿ ಸಿಕ್ಕಾಗ, ಅವು ನದಿಯ ರಭಸದ ಇಳಿಜಾರುಗಳನ್ನೂ ಹತ್ತಿ ಬರುವ ಬುಲ್ ಶಾರ್ಕ್‌ಗಳೆಂಬುದು ಖಚಿತವಾಯಿತು. ಬಿಲ್ಲೆ ಕಟ್ಟಿದವರು ವಿಜ್ಞಾನಿಗಳಾದರೂ, ಅದನ್ನು ಗಮನಿಸಿ ಎತ್ತಿಟ್ಟು ಮರಳಿಸುವ ಮೀನುಗಾರರಿಲ್ಲದೆ ಇಂಥ ಲೆಕ್ಕ ಕೂಡಿಬರುವುದಿಲ್ಲ.

ಇನ್ನೂ ಸ್ಪಷ್ಟವಾದ ನಿದರ್ಶನ ಪಪುವಾ ನ್ಯೂಗಿನಿಯದು. 1970ರ ದಶಕದ ಬಳಿಕ ಅಲ್ಲಿ ಗ್ಲೈಫಿಸ್ ಕಂಡ ದಾಖಲೆಯೇ ಇರಲಿಲ್ಲ. 2014ರ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ದಾರು ಪ್ರದೇಶದ ಸಣ್ಣ ಮೀನುಗಾರರ ಹಿಡಿತವನ್ನು ಪರಿಶೀಲಿಸುತ್ತಿದ್ದ ಸಂಶೋಧಕರಿಗೆ ಈ ಕುಲದ ಎರಡು ಜಾತಿಗಳ ಐದು ಶಾರ್ಕ್‌ಗಳು ಕಾಣಸಿಕ್ಕವು. ಗ್ಲೈಫಿಸ್ ಗ್ಲೈಫಿಸ್ (ಕುಲಕ್ಕೂ ಜಾತಿಗೂ ಒಂದೇ ಹೆಸರು) ಜಾತಿಯ ಮೂರೂ ಪ್ರಾಯಕ್ಕೆ ಬಂದವು. ಈ ಜಾತಿಯ ಬೆಳೆದ ಶಾರ್ಕ್ ಅಲ್ಲಿಯವರೆಗೆ ಯಾರ ದಾಖಲೆಯಲ್ಲೂ ಇರಲಿಲ್ಲ. ಅವುಗಳಲ್ಲಿ ಒಂದು ಬಸುರಿ. ಅದರ ದವಡೆಯನ್ನು ಎಸೆಯದೆ ಉಳಿಸಿದ್ದರಿಂದ ಬೆಳೆದ ಶಾರ್ಕ್‌ನ ಹಲ್ಲುಗಳ ವಿವರಣೆ ಮೊದಲ ಬಾರಿಗೆ ಸಾಧ್ಯವಾಯಿತು. ಒಂದು ಬಸುರಿನಲ್ಲಿ ಎಷ್ಟು ಮರಿಗಳಿರುತ್ತವೆ ಎಂಬ ಪ್ರಶ್ನೆಗಂತೂ ಆರು ಅಥವಾ ಏಳು ಎಂದು ಉತ್ತರ ಕೊಟ್ಟವರು ಮೀನುಗಾರರು. ಈ ಜಾತಿಯ ಮರಿಗಳ ಸಂಖ್ಯೆಯ ಬಗ್ಗೆ ವಿಜ್ಞಾನಕ್ಕೆ ದೊರೆತ ಮೊದಲ ಅಂದಾಜು ಅದೇ, ಮತ್ತು ಸಂಶೋಧನಾ ಪ್ರಬಂಧದಲ್ಲಿ ಅದು ಮೀನುಗಾರರ ಮಾತೆಂದೇ ದಾಖಲಾಗಿದೆ. ನೀವು ಬಾಯಿಮಾತು ಎಂದು ಕರೆದದ್ದು ಇಂಥದ್ದನ್ನು. ವರ್ಷಗಳಿಂದ ಹೊಟ್ಟೆ ಸೀಳಿ ಮೀನು ಹಸನು ಮಾಡಿದ ಕೈಗಳಿಗೆ ಗೊತ್ತಿರುವುದನ್ನು ತಿಳಿಯಲು ಬೇರೆ ದಾರಿ, ಅಷ್ಟು ಅಪರೂಪದ ಪ್ರಾಣಿಯ ವಿಷಯದಲ್ಲಿ, ನನಗೆ ಕಾಣುತ್ತಿಲ್ಲ.

ಹಾಗೆಂದು ಕೇಳಿದ್ದನ್ನೆಲ್ಲ ಒಪ್ಪಬೇಕಾಗಿಲ್ಲ. ಹೆಸರು ಹೇಳುವಲ್ಲಿ ಯಾರೂ ತಪ್ಪಬಹುದು. ಗ್ಲೈಫಿಸ್ ಕುಲಕ್ಕೇ ಸೇರಿದ ಗಂಗಾನದಿಯ ಶಾರ್ಕ್ ಎಂದು ಹಿಂದೆ ಬರೆದಿಟ್ಟ ಎಷ್ಟೋ ವರದಿಗಳು ಬುಲ್ ಶಾರ್ಕ್‌ನವು. ನಮ್ಮ ಲೇಖನದೊಂದಿಗೆ ಅಚ್ಚಾದ ಚಿತ್ರಕ್ಕೂ ಇದೇ ತಪ್ಪು ಅಡಿಬರಹ ಬಿದ್ದಿದೆ ಎಂಬುದು ನಿಮಗೆ ಉತ್ತರಿಸಲೆಂದು ಪುಟವನ್ನು ಮತ್ತೆ ತೆರೆದಾಗ ತಿಳಿಯಿತು. ಬೆನ್ನಿನ ಎರಡನೆಯ ರೆಕ್ಕೆಯನ್ನು ನೋಡಿ: ಅದು ಮೊದಲನೆಯದರ ಸುಮಾರು ಮೂರನೇ ಒಂದು ಭಾಗದಷ್ಟೇ ಎತ್ತರವಿದೆ, ಇದು ಬುಲ್ ಶಾರ್ಕ್‌ನ ಲಕ್ಷಣ. ಗಂಗಾ ಶಾರ್ಕ್‌ನಲ್ಲಿ ಅದು ಅರ್ಧದಷ್ಟಿರುತ್ತದೆ. ಈ ತಪ್ಪಿಗಾಗಿ ಓದುಗರೆಲ್ಲರ ಕ್ಷಮೆ ಕೋರುತ್ತೇನೆ.

ಆದ್ದರಿಂದಲೇ ಮೀನುಗಾರರ ನೆರವು ಪಡೆಯುವವರು ಕೆಲವನ್ನು ಮೊದಲೇ ತಿಳಿಸಿಕೊಡಬೇಕು. ಶಾರ್ಕ್‌ನ ಇಡೀ ಪಕ್ಕವು ಕಾಣುವಂತೆ, ಎರಡೂ ಬೆನ್ನುರೆಕ್ಕೆಗಳು ಸೇರುವಂತೆ, ಅಳತೆಪಟ್ಟಿಯನ್ನು ಜೊತೆಗಿಟ್ಟು ಮೊಬೈಲಿನಲ್ಲಿ ಒಂದು ಚಿತ್ರ. ಕೆಳದವಡೆಯ ಹಲ್ಲುಗಳದ್ದು ಇನ್ನೊಂದು, ಏಕೆಂದರೆ ಗ್ಲೈಫಿಸ್‌ನ ಮುಂದಿನ ಕೆಳಹಲ್ಲುಗಳು ಈಟಿಯ ಮೊನೆಯಂತಿರುತ್ತವೆ. ಶಾರ್ಕ್ ಸತ್ತಿದ್ದರೆ ರೆಕ್ಕೆಯ ತುದಿಯ ಚೂರೊಂದನ್ನು ಮದ್ಯಸಾರದಲ್ಲಿಟ್ಟರೆ ಡಿಎನ್‌ಎ ಪರೀಕ್ಷೆಗೆ ಆಗುತ್ತದೆ. ಬದುಕಿದ್ದರೆ ಚಿತ್ರಕ್ಕಾಗಿ ತಡಮಾಡದೆ ನೀರಿಗೆ ಬಿಡುವುದೇ ಮೊದಲ ಕೆಲಸ. 2016ರ ಫೆಬ್ರುವರಿಯಲ್ಲಿ ಮುಂಬಯಿಯ ಸಸೂನ್ ಡಾಕ್‌ಗೆ ಬಂದ 266 ಸೆಂಟಿಮೀಟರ್ ಉದ್ದದ ಹೆಣ್ಣು ಗಂಗಾ ಶಾರ್ಕ್, ಒಂದು ದಶಕಕ್ಕೂ ಹೆಚ್ಚು ಕಾಲದ ಬಳಿಕ ಸಿಕ್ಕ ಆ ಜಾತಿಯ ಖಚಿತ ದಾಖಲೆ. ಮೀನು ಇಳಿಸುವಾಗ ನೋಡಬಲ್ಲವರೊಬ್ಬರು ಅಲ್ಲಿ ನಿಂತಿದ್ದರಿಂದ ಅದು ದಕ್ಕಿತು.

ಇನ್ನು ಹೆಸರು, ಊರಿನ ವಿಷಯ. ಗಂಗಾ ಶಾರ್ಕ್ ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚಿನ ರಕ್ಷಣೆ ಕೊಡುವ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ. ಬೇರೆ ಮೀನಿಗೆಂದು ಬೀಸಿದ ಬಲೆಗೆ ಅದು ತಾನಾಗಿ ಸಿಕ್ಕಿಕೊಂಡಿದ್ದರೂ, ಹೇಳಿದರೆ ತನಗೇ ತೊಂದರೆಯಾದೀತೆಂಬ ಅಂಜಿಕೆ ಹುಟ್ಟಿದರೆ ಮೀನುಗಾರ ಅದನ್ನು ಸದ್ದಿಲ್ಲದೆ ಹೊಳೆಗೆ ಎಸೆದು ಮನೆಗೆ ಹೋಗುತ್ತಾನೆ. ಸ್ಥಳವನ್ನು ನಿಖರವಾಗಿ ಅಚ್ಚು ಹಾಕಿದರೆ, ರೆಕ್ಕೆಗಳ ವ್ಯಾಪಾರಿಗಳಿಗೆ ನಾವೇ ದಾರಿ ತೋರಿಸಿದಂತಾಗುತ್ತದೆ. ಹೀಗಾಗಿ ಹೆಸರು ಮತ್ತು ಊರನ್ನು ಲೇಖಕರೂ ನಾನೂ ಸೇರಿಯೇ ಕೈಬಿಟ್ಟೆವು. ತಾನೇ ಮುಂದೆ ಬಂದು ಹೆಸರು ಹಾಕಿಸಬಯಸುವ ಮೀನುಗಾರರಿದ್ದರೆ, ಲೇಖಕರ ಹೆಸರಿನ ಪಕ್ಕದಲ್ಲೇ ಅದನ್ನು ಅಚ್ಚು ಹಾಕುತ್ತೇವೆ.

— ಸಂಪಾದಕ